ಈರಕ್ಕನ ಒದ್ದೆ ಸೀರೆ

ಕುಂದುರ್ಪಿ ಕಡೆ ಕುರಿ ಸಾಕುವ ಓಬಣ್ಣನ ಹೆಂಡತಿ ಈರಕ್ಕ ನಲವತ್ತು ದಾಟಿದ ಮೇಲೆ ಬಾವಿಗೆ ಹಾರಿದಳು. ಗಾಬರಿ ಬೇಡ, ಈಜುವುದಕ್ಕೆ ಹಾರಿದ್ದು.

ಹಿಂದಿನ ವರ್ಷ, ತೊಂಬತ್ತೆರಡರಲ್ಲಿ, ಬೆಂಗಳೂರಿನ ಆಸ್ಪತ್ರೆಯಲ್ಲಿ ಅವಳ ಎಡಮೊಲೆ ತೆಗೆದಿದ್ದರು. ಕ್ಯಾನ್ಸರ್. ನಮ್ಮ ಕಡೆ ಆ ಹೆಸರನ್ನು ಯಾರೂ ಬಾಯಿಗೆ ತರುವುದಿಲ್ಲ, ಕರೆದರೆ ಬಂದೇಬಿಡುತ್ತದೆ ಎಂದು ಭಯ. 'ಅದು' ಅಂದರೆ ಎಲ್ಲರಿಗೂ ತಿಳಿಯುತ್ತದೆ. ಓಬಣ್ಣನಂತೂ ಊರಿಗೆಲ್ಲ ಹೊಟ್ಟೆನೋವಿನ ಆಪರೇಷನ್ ಎಂದೇ ಹೇಳಿದ್ದ.

ಆಮೇಲೆ ಅವಳ ಎಡಗೈ ಬಾತುಕೊಂಡಿತು. "ಕೈ ಆಡಿಸಬೇಕು, ಈಜು ಬಂದರೆ ಈಜಿ" ಎಂದಳು ಡಾಕ್ಟರಮ್ಮ. ಅವಳು ಇನ್ನೊಂದು ಮಾತನ್ನೂ ಹೇಳಿದಳು: "ನಿಮ್ಮನ್ನು ಉಳಿಸಿದ ಔಷಧಿಯನ್ನು ಯಾರೋ ವರ್ಷಗಟ್ಟಲೆ ಕೂತು ಹುಡುಕಿದ್ದಾರೆ. ಇನ್ನೂ ಹುಡುಕಬೇಕು, ಅದಕ್ಕೆ ದುಡ್ಡಿಲ್ಲ." ಆ ದುಡ್ಡಿಗಾಗಿಯೇ ಹಿಂದೂಪುರದ ಒಂದು ಕ್ಲಬ್ಬಿನವರು ಪಂದ್ಯ ಇಟ್ಟಿದ್ದರು. ಮೊದಲು ಕೆರೆಯಲ್ಲಿ ಈಜು, ಮೇಲೆ ಬಂದು ಸೈಕಲ್, ಇಳಿದು ಓಟ. ಪಂದ್ಯಕ್ಕೆ ಬರುವವರು ತಮ್ಮ ಜನರಿಂದ ಕೈಲಾದಷ್ಟು ದುಡ್ಡು ಎತ್ತಿ ತರಬೇಕು. ಈರಕ್ಕ ಡಾಕ್ಟರಮ್ಮನ ಹತ್ತಿರವೇ ಹೆಸರು ಕೊಟ್ಟು ಬಂದಳು.

"ಕುರಿ ಹಿಂದೆ ಓಡಿದ್ದು ಸಾಲ್ದಾ ನಿಂಗೆ?" ಎಂದ ಓಬಣ್ಣ.

"ಅದು ಕುರಿಗೋಸ್ಕರ ಓಡಿದ್ದು. ಇದು ನಂಗೋಸ್ಕರ."

ಚಿಕ್ಕಂದಿನಲ್ಲಿ ಕಲಿತಂತೆ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಬಾವಿಗಿಳಿದಳು. ಕೆಲವೇ ದಿನದಲ್ಲಿ ಬುರುಡೆ ಬಿಸಾಡಿದಳು. ನೀರು ಎತ್ತಿ ಹಿಡಿದಾಗ, ಮೇಲೇಳದ ಎಡಗೈ ತಾನಾಗಿ ಮೇಲೆದ್ದಾಗ, ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಬಾವಿಯೊಳಗೆ ಒಬ್ಬಳೇ ನಕ್ಕಳು. ಬೆಳಕು ಹರಿಯುವ ಮೊದಲೇ ಕಚ್ಚೆ ಕಟ್ಟಿ ಈಜು, ನೀರಿಳಿಯುವ ಸೀರೆಯಲ್ಲೇ ಗಂಡನ ಸೈಕಲ್ ಹತ್ತಿ ಕಲ್ಯಾಣದುರ್ಗದ ರಸ್ತೆ, ಬರುವಾಗ ಹುಣಸೆಮರಕ್ಕೆ ಸೈಕಲ್ ಒರಗಿಸಿ ಮನೆವರೆಗೆ ಓಟ. ಆಸೆ ಹತ್ತಿಬಿಟ್ಟಿತ್ತು. ರಾತ್ರಿ ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಿದ್ದಳು.

ಹಾಗೆ ಓಡಿ ಬರುವಾಗ ಮುದುಕಿ ಪೆದ್ದಮ್ಮನ ಕಣ್ಣಿಗೆ ಬಿದ್ದಳು. ಒದ್ದೆ ಸೀರೆ, ಬರಿಗಾಲು, ಯಾರ ಹತ್ತಿರವೂ ಮಾತಿಲ್ಲ. ನಮ್ಮ ಸೀಮೆಯಲ್ಲಿ ಅದು ಹರಕೆಯಲ್ಲದೆ ಮತ್ತೇನು? ಪೆದ್ದಮ್ಮ ಬಿಂದಿಗೆ ತಂದು ಅವಳ ಕಾಲಿಗೆ ನೀರು ಸುರಿದು, ಆ ನೀರನ್ನು ಕಣ್ಣಿಗೊತ್ತಿಕೊಂಡಳು. ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿದ ಮುಡುಪೊಂದನ್ನು ಕೈಗಿಟ್ಟಳು. "ಕದಿರಿ ಸಾಮಿಗೆ ಹಾಕ್ಬುಡು ಕಣವ್ವ."

ಈರಕ್ಕನಿಗೆ ಏದುಸಿರು, ಮಾತು ಹೊರಡಲಿಲ್ಲ. ಉಸಿರು ಹಿಡಿತಕ್ಕೆ ಬರುವಷ್ಟರಲ್ಲಿ ಪೆದ್ದಮ್ಮ ಊರೆಲ್ಲ ಸಾರಿ ಮುಗಿಸಿದ್ದಳು. ಮೊದಲು ಈರಕ್ಕ ಮನೆಮನೆಗೆ ಹೋಗಿ ಆಸ್ಪತ್ರೆಗೆಂದು ಬೇಡಿದಾಗ ಬಿಡಿಕಾಸು ಹುಟ್ಟಿರಲಿಲ್ಲ. ಈಗ ಜನ ದಾರಿಯುದ್ದಕ್ಕೂ ಬಿಂದಿಗೆ ಹಿಡಿದು ನಿಂತರು. ಮುಡುಪಿನ ಚೀಲ ಉಬ್ಬಿತು.

"ಸುಮ್ನಿರು" ಎಂದ ಓಬಣ್ಣ. "ಬಾಯ್ಬುಟ್ರೆ ಚೀಲಾನೂ ಹೋಯ್ತದೆ, ನಮ್ಮನೇಲಿ ನೀರೂ ಮುಟ್ಟಲ್ಲ ಜನ."

ಅವನ ಮಾತು ಸುಳ್ಳಲ್ಲ. ಚೀಲವಿಲ್ಲದೆ ಹಿಂದೂಪುರಕ್ಕೆ ಯಾವ ಮುಖ ಹೊತ್ತು ಹೋಗುವುದು? ಆದರೆ ದೇವರ ಕಾಸು ಮುಟ್ಟುವುದು ಹೇಗೆ? ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಗೂಟದ ಮೇಲಿನ ಚೀಲ ಕಂಡರೆ ಅವಳಿಗೆ ನಾಚಿಕೆಯಾಗುತ್ತಿತ್ತು.

ಪಂದ್ಯದ ಹಿಂದಿನ ದಿನ ಅವಳನ್ನು ಕದಿರಿಗೆ ಕಳಿಸಲೆಂದು ಊರೇ ಬಸ್ಸಿನ ಕಟ್ಟೆಗೆ ಬಂತು. ಓಬಣ್ಣ ಸೈಕಲ್ ಹಿಡಿದು ನಿಂತಿದ್ದ. ದೂರದಲ್ಲಿ ಬಸ್ಸಿನ ಧೂಳೆದ್ದಿತು. ಇನ್ನು ಸ್ವಲ್ಪ ಹೊತ್ತು ಸುಮ್ಮನಿದ್ದಿದ್ದರೆ ಸಾಕಿತ್ತು. ಆದರೆ ಈರಕ್ಕ ಚೀಲವನ್ನು ಕಟ್ಟೆಯ ಮೇಲೆ ಸುರಿದಳು.

"ನಾನು ಕದಿರಿಗೆ ಹೋಯ್ತಿಲ್ಲ. ಹಿಂದೂಪುರಕ್ಕೆ ಓಡೋಕೆ ಹೋಯ್ತೀನಿ. ನಂಗಾಗಿದ್ದು ಹೊಟ್ಟೆನೋವಲ್ಲ, ಕ್ಯಾನ್ಸರು. ಅದ್ಕೆ ಔಷಧಿ ಹುಡ್ಕೋರ್ಗೆ ಈ ದುಡ್ಡು ಕೊಡಾನ ಅಂತ ಆಸೆ ಪಟ್ಟಿದ್ದೆ. ನಿಮ್ಮ ಮುಡುಪು ನೀವು ತಕ್ಕಳ್ಳಿ."

ಜನ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಒಬ್ಬೊಬ್ಬರೇ ಬಗ್ಗಿ, ಅವಳ ಮುಖ ನೋಡದೆ, ತಮ್ಮ ತಮ್ಮ ಗಂಟು ಆರಿಸಿಕೊಂಡರು. ಪೆದ್ದಮ್ಮನೂ ತನ್ನದನ್ನು ತೆಗೆದುಕೊಂಡು, ಅಲ್ಲೇ ಬಿಚ್ಚಿ, ಬರಿ ಕಾಸನ್ನು ಈರಕ್ಕನ ಅಂಗೈಗೆ ಒತ್ತಿದಳು.

"ಕಟ್ಟಿದ್ದು ಬಿಚ್ಚಿದ್ರೆ ಸಾಮಿಗೆ ತಪ್ಪುಕಾಣಿಕೆ ಹಾಕ್ಬೇಕು. ಹಾಕ್ತೀನಿ. ಅವ್ನಿಗೆ ನನ್ನ ತಪ್ಪೇನು ಹೊಸದಾ?"

ಪೆದ್ದಮ್ಮನನ್ನು ನೋಡಿ ಮೂರು ನಾಲ್ಕು ಜನ ಬಿಚ್ಚಿದರು. ಉಳಿದವರು ಮನೆದಾರಿ ಹಿಡಿದರು. "ಎಕ್ಕಂಡಿ, ಎಕ್ಕಂಡಿ" ಎಂದು ಕಂಡಕ್ಟರ್ ತೆಲುಗಿನಲ್ಲಿ ಹತ್ತಲು ಕೂಗಿದ. ಓಬಣ್ಣ ಸೈಕಲ್ಲನ್ನು ಬಸ್ಸಿನ ಮೇಲಕ್ಕೆ ಹಾಕಿ, ಹೆಂಡತಿಯ ಕಡೆ ನೋಡಿ, "ಹುಷಾರಾಗಿ ಓಡು" ಎಂದಷ್ಟೇ ಹೇಳಿದ.

ಈರಕ್ಕನ ಹಿಂದೆಯೇ ಇನ್ನೊಬ್ಬಳು ಹತ್ತಿದಳು. ಕೆಳಗೇರಿಯ ಪೋಲಮ್ಮ. ಮುಡುಪು ಕಟ್ಟಿದವಳಲ್ಲ, ಕಾಲಿಗೆ ನೀರು ಹಾಕಿದವಳೂ ಅಲ್ಲ. ಬಂದು ಪಕ್ಕದಲ್ಲಿ ಕೂತಳು. ಕಲ್ಯಾಣದುರ್ಗ ದಾಟಿದ ಮೇಲೆ ಈರಕ್ಕನ ಕೈ ಹಿಡಿದು ಸೆರಗಿನೊಳಗೆ ತನ್ನ ಕಂಕುಳಿಗೆ ಒತ್ತಿಕೊಂಡಳು. ಅಲ್ಲಿ ಒಂದು ಗಂಟಿತ್ತು.

"ಇದೂ ಅದೇನಾ ಅಕ್ಕ? ಉಗಾದಿಯಿಂದ ಐತೆ. ಯಾರ್ಗೂ ಹೇಳಿಲ್ಲ."

ಈರಕ್ಕ ಕೈ ತೆಗೆಯದೆ ಅಂದಳು: "ನಂಗೇನು ಗೊತ್ತು ಕಣಮ್ಮ. ಗೊತ್ತಿರೋ ಡಾಕ್ಟರಮ್ಮ ನಾಳೆ ಹಿಂದೂಪುರಕ್ಕೆ ಬತ್ತಾರೆ. ತೋರಿಸ್ತೀನಿ."

ಮಾರನೆಯ ದಿನ ಕೆರೆ ದಂಡೆಯಲ್ಲಿ ಚಡ್ಡಿ ಬೂಟಿನವರ ನಡುವೆ ಕಚ್ಚೆ ಸೀರೆಯವಳು ಒಬ್ಬಳೇ. ಸೀಟಿ ಊದಿದ್ದೇ ತಡ, ಈರಕ್ಕ ನೀರಿಗೆ ಬಿದ್ದಳು. ಈಜಿದಳು, ಸೈಕಲ್ ತುಳಿದಳು. ಕೊನೆಗೆ ಹಿಂದೂಪುರದ ಬಿಸಿ ರಸ್ತೆಯಲ್ಲಿ ಬರಿಗಾಲಲ್ಲಿ ಓಡಿದಳು. ಅಂಗಡಿಯವರು ಹೊರಗೆ ಬಂದು ಚಪ್ಪಾಳೆ ತಟ್ಟಿದರು. ಎದೆ ನಗಾರಿಯಂತೆ ಹೊಡೆದುಕೊಳ್ಳುತ್ತಿದ್ದರೂ ನಿಲ್ಲಲಿಲ್ಲ. ಮುಂದಿನವರೆಲ್ಲ ಯಾವಾಗಲೋ ಮುಟ್ಟಿದ್ದರು. ಶಾಲೆಯ ಮೈದಾನಕ್ಕೆ ಅವಳು ಬಂದದ್ದು ಎಲ್ಲರಿಗಿಂತ ಕೊನೆಗೆ.

ಗೆರೆಯ ಬಳಿ ಪೋಲಮ್ಮ ಎಲ್ಲಿಂದಲೋ ಒಂದು ಬಿಂದಿಗೆ ಸಂಪಾದಿಸಿ ನಿಂತಿದ್ದಳು. ಬಿಸಿಲಿಗೆ ಬೆಂದ ಆ ಕಾಲಿಗೆ ನೀರು ಸುರಿದಳು.

"ಹರಕೆಯಲ್ಲ ಅಂದ್ನಲ್ಲೇ" ಎಂದಳು ಈರಕ್ಕ, ಏದುಸಿರಲ್ಲಿ.

"ಗೊತ್ತು. ನಂಗೆ ಹಾಕ್ಬೇಕು ಅನ್ನಿಸ್ತು."

ಡಾಕ್ಟರಮ್ಮ ಓಡಿಬಂದು ಈರಕ್ಕನನ್ನು ತಬ್ಬಿಕೊಂಡಳು. ಈರಕ್ಕ ಪೋಲಮ್ಮನ ಹತ್ತಿರ ಬಿಟ್ಟಿದ್ದ ಹಗುರವಾದ ಚೀಲವನ್ನು ತೆಗೆದು ಡಾಕ್ಟರಮ್ಮನ ಕೈಗಿಟ್ಟಳು.

"ದುಡ್ಡು ಕಮ್ಮಿ ಆಯ್ತು ಡಾಕ್ಟರಮ್ಮ. ಇವಳನ್ನ ಕರ್ಕಂಡು ಬಂದಿವ್ನಿ."

ಡಾಕ್ಟರಮ್ಮ ಒಮ್ಮೆ ಪೋಲಮ್ಮನ ಮುಖ ನೋಡಿದಳು. ಚೀಲ ಬಿಚ್ಚದೆ, ಅವಳ ಕೈ ಹಿಡಿದು ಶಾಲೆಯ ಒಂದು ಕೋಣೆಗೆ ಕರೆದುಕೊಂಡು ಹೋದಳು. ಯಾರೂ ಒಳಗೆ ಬಾರದಂತೆ ಈರಕ್ಕ ಸೆರಗು ಬಿಗಿದು ಬಾಗಿಲಿಗೆ ಅಡ್ಡ ನಿಂತಳು.