ವಾರಕ್ಕೊಂದು ವಿಷಯದ ಟೀಚರ್

ಮಿಷನ್ ಶಾಲೆಯ ಮೂರನೇ ಕ್ಲಾಸಿನ ಟೀಚರಿಗೆ ಸೋಮವಾರ ಒಂದು ವಿಷಯ ತಲೆಗೆ ಹೊಕ್ಕಿತೆಂದರೆ ಮುಗಿಯಿತು, ಬೈಬಲ್ ಪಾಠದಿಂದ ಲೆಕ್ಕದವರೆಗೆ ವಾರವಿಡೀ ಅದೇ. ಉಪ್ಪಿನ ವಾರದಲ್ಲಿ ಮಕ್ಕಳು ಗೋಡೆಯನ್ನೂ ನೆಕ್ಕಿ ನೋಡಿದ್ದರು. ನೋಹನ ನಾವೆಯ ವಾರದಲ್ಲಿ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ನಿಲುವಂಗಿ ಎತ್ತಿ ಹಿಡಿದೇ ಒಳಗೆ ಕಾಲಿಡಬೇಕಾಯಿತು. "ಏನ್ರೀ ಇದು, ಕ್ಲಾಸೋ ಕೆರೆಯೋ?" ಎಂದು ಅವರು ಗದರಿದರೆ, "ತೇಲುತ್ತಾ ಅಂತ ನೋಡ್ಬೇಕಲ್ಲ ಸಿಸ್ಟರ್" ಎಂದ ಟೀಚರ್ ಬಕೆಟ್ಟಿನಿಂದ ತಲೆಯನ್ನೇ ಎತ್ತಲಿಲ್ಲ. ಮಕ್ಕಳು ಪ್ರಶ್ನೆ ಕೇಳಿಬಿಟ್ಟರಂತೂ ಟೀಚರ ಹಿಗ್ಗು ಹೇಳತೀರದು. ಆಮೇಲೆ ಕಳೆದುಹೋದ ಕುರಿಯ ವಾರ ಬಂತು. ಕುರುಬ ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಒಂದನ್ನು ಹುಡುಕಿ ಹೊರಟ ಕಥೆಯನ್ನು ಅವರು ಹತ್ತಿಯ ಕುರಿಗಳನ್ನು ಮೇಜಿನ ಮೇಲೆ ಓಡಾಡಿಸುತ್ತ ಹೇಳುತ್ತಿದ್ದಾಗ, ಹಿಂದಿನ ಬೆಂಚಿನ ಹುಡುಗಿ ಕೈಯೆತ್ತಿದಳು. "ಟೀಚರ್, ಅವನು ವಾಪಸ್ ಬರೋವರೆಗೂ ಉಳಿದ ಕುರಿಗಳು ಏನ್ ಮಾಡ್ತಿದ್ವು?" ಅವಳ ತಮ್ಮ ಆಸ್ಪತ್ರೆ ಸೇರಿ ವಾರಗಳೇ ಆಗಿದ್ದವು, ಅಮ್ಮ ಅವನ ಮಂಚ ಬಿಟ್ಟು ಕದಲಿರಲಿಲ್ಲ, ಇವಳು ಅಜ್ಜಿಯ ಜೊತೆಗಿದ್ದಳು. "ದಾರಿ ನೋಡ್ತಿದ್ವು ಮರಿ," ಎಂದ ಟೀಚರ್ ಕೈಯಲ್ಲಿದ್ದ ಹತ್ತಿಯ ಕುರಿಯನ್ನು ಮೇಜಿನ ಮೇಲಿಟ್ಟರು. ಆ ಸಂಜೆ ಅವರು ನೇರ ಆಸ್ಪತ್ರೆಗೆ ಹೋಗಿ, "ಇವತ್ತು ಇವನ ಹತ್ರ ನಾನಿರ್ತೀನಿ, ನೀವು ಹೋಗಿ ಮಗಳ ಪಕ್ಕ ಮಲಗಿ" ಎಂದು ಆ ಅಮ್ಮನ ಕೈಯಿಂದ ಹಾಲಿನ ಲೋಟ ತೆಗೆದುಕೊಂಡರು.