ದೇವರಿಗೆ ಮಾತ್ರ ಹೇಳಿದ್ದು

“ಕರ್ತನೇ, ಈ ಮನೆಯ ಯಜಮಾನನಿಗೆ ಬಂದಿರುವ ಕ್ಷಯರೋಗವನ್ನು ಗುಣಮಾಡು” ಎಂದು ಎಸ್ತೇರಮ್ಮ ಗಟ್ಟಿಯಾಗಿ ಪ್ರಾರ್ಥಿಸಿದಾಗ ನಾನು ಬೆಚ್ಚಿ ಕಣ್ಣು ತೆರೆದೆ. ಎದುರು ಚಾಪೆಯಲ್ಲಿ ಕೂತಿದ್ದ ನನ್ನ ಗಂಡ ನನ್ನನ್ನೇ ನೋಡುತ್ತಿದ್ದರು. ಅವರ ಮುಖ ಬಿಳಿಚಿಹೋಗಿತ್ತು.

ಇದು ಐವತ್ತರ ದಶಕದ ಕೊನೆಯ ಮಾತು. ಪುತ್ತೂರಿನ ನಮ್ಮ ಬಾಡಿಗೆ ಮನೆಯಲ್ಲಿ ಅಂದು ನಮ್ಮ ಚರ್ಚಿನ ಸಭೆಯವರ ಮನೆಪ್ರಾರ್ಥನೆ ಇತ್ತು. ಗಂಡ ಪೇಟೆಯಲ್ಲಿ ದರ್ಜಿ. ಅವರು ಕೆಮ್ಮಿದಾಗ ರಕ್ತ ಬಂದ ವಿಷಯ ಡಾಕ್ಟರರನ್ನು ಬಿಟ್ಟರೆ ಬೇರೆಯವರಿಗೆ ಗೊತ್ತಿರಲಿಲ್ಲ. ಒಳಗೆ ಇಟ್ಟುಕೊಳ್ಳಲಾಗದೆ, ಗಂಡನ ಒಪ್ಪಿಗೆ ಪಡೆದೇ, ಸಭೆಯಲ್ಲಿ ಹಿರಿಯರಾದ ಎಸ್ತೇರಮ್ಮನಿಗೆ ಅವರ ಅಡುಗೆಮನೆಯಲ್ಲಿ ಕೂತು ಹೇಳಿ ಅತ್ತಿದ್ದೆ. ಅವರು ನನ್ನ ತಲೆ ಸವರಿ ಸಮಾಧಾನ ಮಾಡಿದ್ದರು.

ಆಮೆನ್ ಆದ ಮೇಲೆ ಎಲ್ಲರಿಗೂ ಕಾಫಿ ತಂದಿಟ್ಟೆ. ಒಬ್ಬರೂ ಲೋಟ ಮುಟ್ಟಲಿಲ್ಲ. ಎಸ್ತೇರಮ್ಮನೂ ಮುಟ್ಟಲಿಲ್ಲ. ಅವರು ಹೊರಟಾಗ ಮೆಟ್ಟಿಲ ಬಳಿ ನಿಲ್ಲಿಸಿ ಕೇಳಿದೆ, “ನಿಮ್ಮತ್ರ ಮಾತ್ರ ಹೇಳಿದ್ದಲ್ವಾ ಅಮ್ಮ?”

ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. “ನಾನು ಯಾರಿಗೆ ಹೇಳಿದ್ದು ಮಾರಾಯ್ತಿ? ದೇವರಿಗೆ ಮಾತ್ರ ಹೇಳಿದ್ದು” ಎಂದರು.

ಮರುದಿನ ಬೆಳಿಗ್ಗೆಯಿಂದಲೇ ಜನ ಅಂಗಡಿಗೆ ಬಂದು, ಹೊಲಿಯಲು ಕೊಟ್ಟ ಬಟ್ಟೆಯನ್ನು ಕತ್ತರಿಸುವ ಮೊದಲೇ ವಾಪಸು ಒಯ್ದರು. ಕೆಲವರು ಒಳಗೆ ಬರದೆ ಬೀದಿಯಲ್ಲೇ ನಿಂತು ಕೈಚಾಚಿದರು.

ಮಂಗಳೂರಿನಲ್ಲಿ ಔಷಧಿ ಮಾಡಿ ಗಂಡ ಪೂರ್ತಿ ಗುಣವಾದರು. ಎಸ್ತೇರಮ್ಮನ ಮೇಲೆ ಈಗ ಕೋಪವಿಲ್ಲ. ಆದರೆ ಮನೆಪ್ರಾರ್ಥನೆಯಲ್ಲಿ ನನ್ನ ಸರದಿ ಬಂದಾಗ ಸ್ವಂತ ಮಾತು ಹೊರಡುವುದೇ ಇಲ್ಲ. ಎಲ್ಲರಿಗೂ ಬಾಯಿಪಾಠವಿರುವ ಕರ್ತನ ಪ್ರಾರ್ಥನೆಯನ್ನೇ ಹೇಳಿ ಮುಗಿಸುತ್ತೇನೆ.