ಮೇಷ್ಟ್ರ ಮೀಟರು

ತೊಂಬತ್ತರ ದಶಕದಲ್ಲಿ ಬೇಗೂರಿನ ಹೈಸ್ಕೂಲಿನಲ್ಲಿ ನಮಗೆ ವಿಜ್ಞಾನ ಕಲಿಸಿದ ಮೇಷ್ಟ್ರ ಶರ್ಟಿನ ಜೇಬಿನಿಂದ ಸದಾ ಕರೆಂಟ್ ಅಳೆಯುವ ಮೀಟರಿನ ಎರಡು ವೈರುಗಳು ನೇತಾಡುತ್ತಿದ್ದವು. ಯಾರು ಯಾರ ಮೇಲೆ ದೂರು ತಂದರೂ ಅವರದು ಒಂದೇ ಮಾತು: "ಮೊದ್ಲು ಅಳ್ದು ನೋಡು, ಆಮೇಲೆ ಬಯ್ಯಿ."

ಒಮ್ಮೆ ನಮ್ಮ ಸಹಪಾಠಿಯೊಬ್ಬನ ತಾಯಿ ತಮ್ಮೂರು ಭೀಮನಬೀಡಿನಿಂದ ಹೊಸ ಕರೆಂಟ್ ಒಲೆ ಹೊತ್ತುಕೊಂಡು ತರಗತಿಗೇ ನುಗ್ಗಿದರು. "ನೀರೇ ಕಾಯಕ್ಕಿಲ್ಲ ಸಾ. ಅಂಗಡಿಯವ್ನು ಮೋಸ ಮಾಡ್ಬುಟ್ಟ. ಈಗ್ಲೇ ಓಗಿ ಅವನ ಮಾನ ಕಳೀತೀನಿ!"

ಮೇಷ್ಟ್ರು ಒಲೆಯನ್ನು ಮೇಜಿನ ಮೇಲಿಟ್ಟು, ಪ್ಲಗ್ ಹಾಕಿ ಅಳೆದರು. ಒಲೆಯ ಮೇಲೆ ಬರೆದಿದ್ದ ವೋಲ್ಟಿನಲ್ಲಿ ಅರ್ಧ ಮಾತ್ರ ಲೈನಿನಲ್ಲಿತ್ತು. ಆಂಪಿಯರೂ ಅರ್ಧವೇ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದಾಗ ರೋಧ ಇರಬೇಕಾದಷ್ಟೇ ಬಂತು.

"ಕಾಯಿಲ್ ಸರಿಯಾಗೇ ಅದೆ ತಾಯಿ. ಇಲ್ಗೂ ನಿಮ್ಮೂರ್ಗೂ ಬರೋ ಲೈನೇ ಸೋತದೆ."

"ಅರ್ಧ ಬತ್ತದೆ ಅಂದ್ರೆ ಅರ್ಧ ಶಾಖನಾದ್ರೂ ಬರ್ಬೇಕಲ್ವಾ ಸಾ?"

ನಮ್ಮಲ್ಲಿ ಒಬ್ಬರೂ ಕೇಳದ ಪ್ರಶ್ನೆ ಅದು. ಮೇಷ್ಟ್ರ ಮುಖ ಅರಳಿತು. ತಮ್ಮ ಕುರ್ಚಿಯನ್ನೇ ಆಕೆಗೆ ಎಳೆದು ಕೊಟ್ಟು ಬೋರ್ಡಿನತ್ತ ತಿರುಗಿದರು. ವ್ಯಾಟು ಎಂದರೆ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದ್ದು. ಎರಡೂ ಅರ್ಧವಾದರೆ ಸಿಗುವುದು ಅರ್ಧದಲ್ಲಿ ಅರ್ಧ, ಅಂದರೆ ಕಾಲು ಭಾಗ.

ಆಕೆ ಬೆರಳು ಮಡಚಿ ಲೆಕ್ಕ ಹಾಕಿದರು. ಆಮೇಲೆ ಅಂದರು, "ಸೇರು ಬರೋ ಕಡೆ ಪಾವು ಬತ್ತದೆ ಅನ್ನಿ."

ಮೇಷ್ಟ್ರು ತಮ್ಮ ಲೆಕ್ಕವನ್ನೆಲ್ಲ ಒರೆಸಿ ಆ ಮಾತನ್ನು ದೊಡ್ಡಕ್ಷರದಲ್ಲಿ ಬರೆದು, "ಬರ್ಕೊಳ್ರೋ," ಎಂದರು. ಅಂಗಡಿಯವನ ಮಾನ ಉಳಿಯಿತು.

ಆ ವರ್ಷದ ಪರೀಕ್ಷೆಯಲ್ಲಿ ವೋಲ್ಟೇಜು ಅರ್ಧವಾದರೆ ಏನಾಗುತ್ತದೆಂಬ ಪ್ರಶ್ನೆಗೆ ನನಗೆ ಸೂತ್ರ ನೆನಪಾಗಲಿಲ್ಲ. ಆಕೆಯ ಮಾತನ್ನೇ ಬರೆದಿಟ್ಟು ಬಂದೆ. ಮೇಷ್ಟ್ರು ಪೂರ್ತಿ ಅಂಕ ಕೊಟ್ಟು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು: "ಈ ಮಾತು ಹೇಳಿದವರ ಹೆಸರು, ಊರು ಬರೆಯಲು ಮರೆತಿದ್ದೀಯ."